ನೂರು ವಾಹಿನಿಗಳು, ಒಂದು ಮನೆ

ಶ್ರಾವಕನಿಗೆ ಹೇಳಿದ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದೆಂಬುದು ವಾಚಕರಿಗೆ ತಿಳಿದ ವಿಷಯವೇ. ಒಮ್ಮೆ ಅನುಭವಿಸಿದರೆ ತೀರಿಹೋಗುವ ಅನ್ನ, ಗಂಧ, ಹೂವುಗಳು ಭೋಗ. ಮತ್ತೆ ಮತ್ತೆ ಬಳಸಲು ಬರುವ ಬಟ್ಟೆ, ಒಡವೆ, ಹಾಸಿಗೆಗಳು ಉಪಭೋಗ. ಎರಡಕ್ಕೂ ಗೃಹಸ್ಥನು ತಾನೇ ಮಿತಿ ಹಾಕಿಕೊಳ್ಳಬೇಕು. ಹಾಗಾದರೆ ದೂರದರ್ಶನವು ಭೋಗವೋ, ಉಪಭೋಗವೋ? ಬ್ಯಾಡಗಿಯ ಬಸದಿಯ ಕಟ್ಟೆಯ ಮೇಲೆ ಒಂದು ಸಂಜೆ ಈ ಪ್ರಶ್ನೆ ಬಂದಾಗ ನನ್ನ ಮಿತ್ರರೊಬ್ಬರು, ಪೆಟ್ಟಿಗೆ ಉಪಭೋಗ, ಅದರೊಳಗಿನ ಚಿತ್ರ ಭೋಗ, ಕೇಬಲ್ಲಿನ ಬಿಲ್ಲು ಮಾತ್ರ ಪರೀಷಹ ಎಂದು ತೀರ್ಪು ಕೊಟ್ಟಿದ್ದರು. ಎಲ್ಲರೂ ನಕ್ಕು ಎದ್ದುಹೋಗಿದ್ದೆವು.

ಆ ನಗೆಯ ಮಾತು 2019ರ ಜನವರಿಯಲ್ಲಿ ಲೆಕ್ಕದ ಮಾತಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರಪದ್ಧತಿಯು ಆ ವರ್ಷ ಫೆಬ್ರುವರಿ 1ರಿಂದ ಜಾರಿಗೆ ಬರುವುದಿತ್ತು. ಅಲ್ಲಿಯವರೆಗೆ ಕೇಬಲ್ಲಿನವರು ಕೊಟ್ಟದ್ದನ್ನು ನಾವು ನೋಡುತ್ತಿದ್ದೆವು, ಕೇಳಿದ್ದನ್ನು ಕೊಡುತ್ತಿದ್ದೆವು. ಇನ್ನು ಮುಂದೆ ನೂರು ವಾಹಿನಿಗಳಿಗೆ 130 ರೂಪಾಯಿ, ಅದರ ಮೇಲೆ ಶೇಕಡಾ 18ರಂತೆ ತೆರಿಗೆ, ಕೂಡಿ 153 ರೂಪಾಯಿ 40 ಪೈಸೆ. ಆ ನೂರರೊಳಗೆ ಸರಕಾರಿ ದೂರದರ್ಶನದ ವಾಹಿನಿಗಳು ಕಡ್ಡಾಯ. ಹಣ ಕೇಳುವ ವಾಹಿನಿಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಬೆಲೆ. ಅವನ್ನು ಗಿರಾಕಿಯೇ ಹೆಸರು ಹಿಡಿದು ಆರಿಸಬೇಕು. ಕೇಬಲ್ಲಿನ ಹುಡುಗ ನಮ್ಮ ದಲಾಲಿ ಅಂಗಡಿಗೆ ಬಂದು ನಾಲ್ಕು ಪುಟದ ಯಾದಿಯನ್ನು ಗಾದಿಯ ಮೇಲಿಟ್ಟು, "ಕಾಕಾ, ಬೇಕಾದ್ದಕ್ಕ ಗುರುತು ಹಾಕಿ ಇಡ್ರಿ. ಇಲ್ಲಾಂದ್ರ ಒಂದನೇ ತಾರೀಖಿಗೆ ಬಂದ್ ಆಗ್ತಾವ" ಎಂದು ಹೇಳಿ ಹೋದ.

ನಾನು ಬಿ.ಕಾಂ. ಓದಿ ಮೆಣಸಿನಕಾಯಿಯ ವ್ಯಾಪಾರಕ್ಕೆ ಬಂದವನು. ಸೋಮವಾರ, ಗುರುವಾರಗಳ ಟೆಂಡರಿನಲ್ಲಿ ಲಾಟುಗಳನ್ನು ನೋಡಿ ನೋಡಿ ಕಣ್ಣಿಗೆ ಒಂದು ಅಭ್ಯಾಸವಾಗಿದೆ. ಡಬ್ಬಿ ಯಾವುದು, ಕಡ್ಡಿ ಯಾವುದು, ನೀರು ಚಿಮುಕಿಸಿ ತೂಕ ಹೆಚ್ಚಿಸಿದ್ದು ಯಾವುದು ಎಂಬುದು ಮುಟ್ಟುವ ಮೊದಲೇ ತಿಳಿಯುತ್ತದೆ. ಅದೇ ಗತ್ತಿನಲ್ಲಿ ಆ ಯಾದಿಯ ಮುಂದೆ ಕುಳಿತೆ. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಅನರ್ಥದಂಡದ ಐದು ಭೇದಗಳಲ್ಲಿ ದುಃಶ್ರುತಿಯನ್ನು ಹೇಳಿದ್ದಾರೆ. ರಾಗದ್ವೇಷಗಳನ್ನು ಕೆರಳಿಸಿ ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು ಪ್ರಯೋಜನವಿಲ್ಲದ ಪಾಪ ಎಂಬುದು ಅದರ ಅಭಿಪ್ರಾಯ. ಅತ್ತೆ ಸೊಸೆಗೆ ವಿಷವಿಡುವ, ಸೊಸೆ ಅತ್ತೆಯ ಸಹಿಯನ್ನು ಕದಿಯುವ ಕನ್ನಡ ಧಾರಾವಾಹಿಗಳು ಈ ಲಕ್ಷಣಕ್ಕೆ ಹೊಂದುತ್ತವೆಂದು ನನಗೆ ತೋರಿತು. ಹಣ ಕೇಳುವ ಕನ್ನಡ ಮನರಂಜನೆಯ ವಾಹಿನಿಗಳನ್ನೆಲ್ಲ ಒಂದೇ ಗೆರೆಯಲ್ಲಿ ಹೊಡೆದುಹಾಕಿದೆ. ಉಳಿಸಿಕೊಂಡದ್ದು: ನನಗೆ ಪೇಟೆಯ ಧಾರಣೆಗಾಗಿ ಹಿಂದಿಯ ಒಂದು ವಾಣಿಜ್ಯ ವಾಹಿನಿ, ಮಗನಿಗೆ ಕ್ರಿಕೆಟ್ಟು, ಮೊಮ್ಮಕ್ಕಳಿಗೆ ಇಂಗ್ಲಿಷಿನ ಪ್ರಾಣಿಲೋಕ, ಮನೆಯವರೆಲ್ಲರಿಗೂ ಹಿಂದಿಯಲ್ಲಿ ಮುನಿಗಳ ಪ್ರವಚನ ತೋರಿಸುವ ಜೈನ ವಾಹಿನಿ. ಈ ಕೊನೆಯದಕ್ಕೆ ಹಣವೂ ಇರಲಿಲ್ಲ. ರೈತರಿಗೆಂದು 2015ರಲ್ಲಿ ಆರಂಭವಾದ ಡಿಡಿ ಕಿಸಾನ್ ಸಹ ಉಚಿತ. ಆದರೆ ಅದರ ಮಾತು ಬಹುಪಾಲು ಹಿಂದಿ. ಬ್ಯಾಡಗಿ ಪೇಟೆಗೆ ಚೀಲ ತರುವ ನಮ್ಮ ರೈತನಿಗೆ ಅದರಿಂದ ಏನು ಪ್ರಯೋಜನವೋ ಕಾಣೆ. ಕನ್ನಡಕ್ಕೆ ಚಂದನ ಹೇಗೂ ಇದೆಯಲ್ಲ ಎಂದುಕೊಂಡೆ. ತಿಂಗಳಿಗೆ ನೂರು ರೂಪಾಯಿಗೂ ಮಿಕ್ಕಿದ ಉಳಿತಾಯವಾಯಿತು, ವ್ರತವೂ ಪಾಲಿಸಿದಂತಾಯಿತು. ಇಷ್ಟು ಅಚ್ಚುಕಟ್ಟಾಗಿ ಧರ್ಮವೂ ಲಾಭವೂ ಕೂಡಿ ಬಂದಾಗ ವ್ಯಾಪಾರಿಯಾದವನಿಗೆ ಸಂಶಯ ಬರಬೇಕಿತ್ತು. ಬರಲಿಲ್ಲ.

ಅವ್ವನನ್ನು ನಾನು ಕೇಳಲಿಲ್ಲ. ಆಗ ಆಕೆಗೆ ಎಂಬತ್ತೆರಡು ವರ್ಷ.

ಆಕೆಗೂ ದೂರದರ್ಶನಕ್ಕೂ ಇದ್ದ ನಂಟು ನಮ್ಮೆಲ್ಲರಿಗಿಂತ ಹಳೆಯದು. ಆಕೆಯ ತವರು ಅಂದಿನ ವಿಜಾಪುರ ಜಿಲ್ಲೆಯ ಒಂದು ಹಳ್ಳಿ. 1975ರ ಆಗಸ್ಟಿನಿಂದ ಒಂದು ವರ್ಷದ ಕಾಲ ಅಮೆರಿಕೆಯ ಉಪಗ್ರಹವೊಂದನ್ನು ಎರವಲು ಪಡೆದು ನಮ್ಮ ಸರಕಾರ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳನ್ನು ತೋರಿಸಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮುಂಚೆ ನನ್ನ ಸೋದರಮಾವನ ಊರಿನ ಶಾಲೆಯ ಅಂಗಳದಲ್ಲಿ ಜನ ಚಾಪೆ ಹಾಸಿ ಕುಳಿತು ಆಕಾಶದಿಂದ ಇಳಿದ ಕನ್ನಡವನ್ನು ಕೇಳುತ್ತಿದ್ದರು. ದೀಪಾವಳಿಗೆ ತವರಿಗೆ ಹೋದ ಅವ್ವ ಹದಿನೈದು ದಿನ ಅದನ್ನು ನೋಡಿ ಬಂದಿದ್ದಳು. ಎರೆಗೊಬ್ಬರ, ಮಕ್ಕಳಿಗೆ ಲಸಿಕೆ ಇಂಥವೇ ವಿಷಯಗಳಿದ್ದಿರಬೇಕು. "ಪೆಟಗಿ ನಮ್ಮಂಗ ಮಾತಾಡ್ತೈತಿ" ಎಂದು ಆಕೆ ಬ್ಯಾಡಗಿಯ ಓಣಿಗೆಲ್ಲ ಹೇಳಿದಳು, ಯಾರೂ ನಂಬಲಿಲ್ಲ. ಆ ಉಪಗ್ರಹದಲ್ಲಿ ಇನ್ನೊಂದು ವಿಶೇಷವಿತ್ತು. ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಅದು ಒಯ್ಯಬಲ್ಲದಾಗಿತ್ತು. ಒಂದೇ ಚಿತ್ರಕ್ಕೆ ಇತ್ತ ಕನ್ನಡ, ಅತ್ತ ಆಂಧ್ರದ ಹಳ್ಳಿಗಳಲ್ಲಿ ತೆಲುಗು ಕೊಡಲು ಬರುತ್ತಿತ್ತು. 1976ರ ಜುಲೈ 31ಕ್ಕೆ ಕರಾರು ಮುಗಿಯಿತು. ಉಪಗ್ರಹದ ಒಡೆಯರು ಅದನ್ನು ತಮ್ಮ ಕಡೆಗೆ ಸರಿಸಿಕೊಂಡರು.

ಮುಂದೆ ಎಂಬತ್ತರ ದಶಕದಲ್ಲಿ ನಮ್ಮ ಮನೆಗೇ ಪೆಟ್ಟಿಗೆ ಬಂದಾಗ ಅದರಲ್ಲಿ ಬಂದದ್ದು ಮುಖ್ಯವಾಗಿ ದೆಹಲಿಯ ಹಿಂದಿ. ಅವ್ವ ಮುನಿಸಿಕೊಳ್ಳಲಿಲ್ಲ. 1987ರಲ್ಲಿ ರಾಮಾಯಣ ಬಂದಾಗ ಕಥೆ ಗೊತ್ತಿದ್ದುದರಿಂದ ಭಾಷೆಯ ತೊಡಕೂ ಆಗಲಿಲ್ಲ. ಆದರೆ ರಾಮನ ಬಾಣಕ್ಕೆ ರಾವಣ ಬಿದ್ದ ರವಿವಾರ ಮಾತ್ರ ಆಕೆ, ನಮ್ಮ ಪುರಾಣದಲ್ಲಿ ರಾವಣನನ್ನು ಕೊಂದವನು ಲಕ್ಷ್ಮಣ, ಇವರು ತಪ್ಪು ತೋರಿಸಿದರು ಎಂದು ನೆರೆದ ಓಣಿಯ ಮಂದಿಯೊಂದಿಗೆ ವಾದಕ್ಕಿಳಿದಳು. ನಾಗಚಂದ್ರನ ಕಾವ್ಯವನ್ನು ಆಕೆ ಓದಿದವಳಲ್ಲ. ತನ್ನ ತಂದೆ ಓದಿ ಅರ್ಥ ಹೇಳುವುದನ್ನು ಕೇಳಿದವಳು. ಕೇಳುವ ಕಿವಿ ಆಕೆಯದು.

1994ರಲ್ಲಿ ಉದಯ ಟಿ.ವಿ. ಬಂತು, 2000ದಲ್ಲಿ ಈಟಿವಿ. 2006 ಮತ್ತು 2007ರಲ್ಲಿ ಒಂದರ ಹಿಂದೆ ಒಂದು ಜೀ ಕನ್ನಡ, ಟಿವಿ9, ಸುವರ್ಣ, ಕಸ್ತೂರಿ. ಬಳಿಕ ಸುದ್ದಿಗೊಂದು, ಹಾಡಿಗೊಂದು, ಹಾಸ್ಯಕ್ಕೊಂದು, 2009ರಲ್ಲಿ ಮಕ್ಕಳಿಗೆಂದು ಚಿಂಟು. ನಮ್ಮಂಥ ಮನೆಗಳಲ್ಲಿ ಒಂದು ವಿಶೇಷವುಂಟು. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯುವುದರಿಂದ ಸಂಜೆ ಏಳರಿಂದ ಹತ್ತರವರೆಗೆ ಒಲೆಯ ಕೆಲಸವಿರುವುದಿಲ್ಲ. ಜಾಹೀರಾತಿನವರು ಚಿನ್ನದ ಬೆಲೆ ಕೊಡುವ ಆ ಮೂರು ತಾಸುಗಳು ಜೈನರ ಮನೆಗಳಲ್ಲಿ ಬಿಡುವಿನವು. ಹಿಂದೆ ಅದು ಸಾಮಾಯಿಕದ, ಪುರಾಣ ಕೇಳುವ ಹೊತ್ತಾಗಿತ್ತು. ದಶಲಕ್ಷಣ ಪರ್ವದ ಹತ್ತು ದಿನ ಅವ್ವ ಪೆಟ್ಟಿಗೆಗೆ ಬಿಳಿಯ ಪಂಚೆ ಹೊದಿಸಿಡುತ್ತಿದ್ದಳು. ಉಳಿದ ದಿನ ಎರಡು ಧಾರಾವಾಹಿ, ತಪ್ಪದೆ.

ನಾನು ಗೆರೆ ಹೊಡೆದ ಮೇಲೆ ಆಕೆ ಏನೂ ಅನ್ನಲಿಲ್ಲ. ಮಗ ವ್ರತದ ಮಾತು ಹೇಳಿದನೆಂದರೆ ಎದುರಾಡುವ ಕಾಲದವಳಲ್ಲ. ಬೆಳಗ್ಗೆ ಒಂಬತ್ತಕ್ಕೆ ನಾನೂ ಮಗನೂ ಅಂಗಡಿಗೆ ಹೋದರೆ, ಸೊಸೆ ರಾಣೇಬೆನ್ನೂರಿನ ತನ್ನ ಶಾಲೆಗೆ, ಮಕ್ಕಳು ತಮ್ಮ ಶಾಲೆಗೆ. ನನ್ನ ಹೆಂಡತಿಗೆ ಆ ವರ್ಷ ಮೊಣಕಾಲಿನ ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಓಡಾಟವಿತ್ತು. ಹಗಲೆಲ್ಲ ಆ ಮನೆಯಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಆ ಪೆಟ್ಟಿಗೆ ಒಂದೇ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ಮೈಬಿಸಿ ಬಂದು ಬೇಗ ಮನೆಗೆ ಬಂದೆ. ಅವ್ವ ಕೈಯಲ್ಲಿ ಜಪಮಾಲೆ ಹಿಡಿದು ಜೈನ ವಾಹಿನಿಯ ಮುಂದೆ ಕುಳಿತಿದ್ದಳು. ಮುನಿಮಹಾರಾಜರೊಬ್ಬರು ಕೈ ಎತ್ತಿ ಏನನ್ನೋ ವಿವರಿಸುತ್ತಿದ್ದರು, ಸಭೆ ತಲೆದೂಗುತ್ತಿತ್ತು. ಆದರೆ ಧ್ವನಿಯಿರಲಿಲ್ಲ. ಕಿವಿ ಮಂದವಾಯಿತೇನೋ ಎಂದು ನನಗೆ ಗಾಬರಿಯಾಯಿತು.

"ಅವ್ವಾ, ದನಿ ಯಾಕ ಬಂದ್ ಮಾಡೀದಿ?"

"ದನಿ ಬಂದ್ರ ನನಗ ತಿಳಿವಲ್ದು ಅನ್ನೂದು ಗೊತ್ತಾಗ್ತೈತಪಾ. ದನಿ ಇರಲಿಲ್ಲಂದ್ರ ಮಾರಾಜರು ನಮ್ಮ ಮಾತಿನ್ಯಾಗ ಹೇಳಾಕತ್ತಾರ ಅಂತ ತಿಳಕೊಂಡು ಕುಂದರತೀನಿ."

ಆಕೆ ಇದನ್ನು ದೂರಾಗಿ ಹೇಳಲಿಲ್ಲ. ನಾಲ್ಕು ತಿಂಗಳಿನಿಂದ ತಾನು ಕಂಡುಕೊಂಡ ಒಂದು ಉಪಾಯವೆಂಬಂತೆ ಹೇಳಿದಳು. ಮಾತಿನಿಂದಲೂ ಪರರನ್ನು ನೋಯಿಸಬಾರದೆಂದು ಈ ಪತ್ರಿಕೆಯಲ್ಲಿಯೇ ನಾನು ಎರಡು ಸಲ ಬರೆದಿದ್ದೇನೆ. ಮಾತನ್ನು ಕಿತ್ತುಕೊಳ್ಳುವುದರಿಂದಲೂ ನೋಯಿಸಬಹುದೆಂದು ಬರೆದಿರಲಿಲ್ಲ. ವ್ರತವೆಂಬುದು ತಾನು ತನಗೆ ತೆಗೆದುಕೊಳ್ಳುವಂಥದು. ನಾನು ಅದನ್ನು ಇನ್ನೊಬ್ಬರ ಹೆಸರಿನಲ್ಲಿ ತೆಗೆದುಕೊಂಡಿದ್ದೆ. ನನ್ನ ಕ್ರಿಕೆಟ್ಟಿನ ಮಗ, ನನ್ನ ವಾಣಿಜ್ಯ ವಾರ್ತೆ ಎರಡನ್ನೂ ಮುಟ್ಟದೆ. ಕೀರ್ದಿ ಬರೆಯುವವರು ಇದನ್ನು ಬೇರೊಬ್ಬರ ಖಾತೆಗೆ ಖರ್ಚು ಹಾಕುವುದು ಎನ್ನುತ್ತಾರೆ.

ಅಂದೇ ಸಂಜೆ ಕೇಬಲ್ಲಿನ ಹುಡುಗನನ್ನು ಕರೆಸಿ ಯಾದಿಯನ್ನು ಅವ್ವನ ಮುಂದಿಟ್ಟು ಒಂದೊಂದನ್ನೇ ಓದಿ ಹೇಳಿದೆ. ಆಕೆ ಆರಿಸಿದ್ದು ಒಂದನ್ನು ಮಾತ್ರ. "ಒಂದು ಸಾಕು. ಅರ್ಧ ತಾಸು. ಚಾತುರ್ಮಾಸದಾಗ ಅದೂ ಬ್ಯಾಡ" ಎಂದಳು. ಕಾಲದ ಮಿತಿಯಿಟ್ಟು ತೆಗೆದುಕೊಳ್ಳುವುದು ನಿಯಮ, ಜೀವಮಾನಕ್ಕೆ ತೆಗೆದುಕೊಳ್ಳುವುದು ಯಮ ಎಂದು ಶಾಸ್ತ್ರದಲ್ಲಿ ಭೇದ ಮಾಡಿದ್ದಾರಷ್ಟೆ. ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ.

ಈ ನಿಮಿತ್ತದಿಂದ ನನಗೊಂದು ಚಿಂತೆ ಹತ್ತಿತು. ನನ್ನ ಯಾದಿಯಲ್ಲಿ ಜ್ಞಾನ, ವಾಣಿಜ್ಯ, ಧರ್ಮ ಇವೆಲ್ಲ ಹಿಂದಿ ಇಂಗ್ಲಿಷುಗಳ ಕಡೆಗೂ, ಧಾರಾವಾಹಿ ಸಿನಿಮಾಗಳು ಕನ್ನಡದ ಕಡೆಗೂ ಬಿದ್ದದ್ದು ಏಕೆ? ಕನ್ನಡವನ್ನು ಕೀಳೆಂದು ನಾನು ಗೆರೆ ಹೊಡೆದಿರಲಿಲ್ಲ. ಒಳ್ಳೆಯದೆಂದು ಉಳಿಸಿಕೊಳ್ಳಲು ಕನ್ನಡದಲ್ಲಿ ಹೆಚ್ಚೇನೂ ಇರಲಿಲ್ಲ. ಇದಕ್ಕೆ ಒಂದು ಕಾರಣ ಜಾಹೀರಾತಿನ ಹಣ. ಹಿಂದಿಯಲ್ಲಿ ಮಾಡಿದ ವಾಹಿನಿಯನ್ನು ಹತ್ತು ರಾಜ್ಯಗಳಲ್ಲಿ ಮಾರಬಹುದು, ಕನ್ನಡದ್ದನ್ನು ಒಂದರಲ್ಲಿ. ಇನ್ನೊಂದು ಕಾರಣ ನಮ್ಮವರೇ ಕಟ್ಟಿದ ಗೋಡೆ. ಚಿತ್ರರಂಗದ ಕಲಾವಿದರು, ಕಾರ್ಮಿಕರ ಹೊಟ್ಟೆಪಾಡಿಗಾಗಿ ಅರವತ್ತರ ದಶಕದಿಂದ ಡಬ್ಬಿಂಗಿಗೆ ತಡೆಯಿತ್ತು. ಆ ಕಾಲಕ್ಕೆ ಅದು ಅನ್ಯಾಯವೆಂದು ನಾನು ಹೇಳಲಾರೆ. ಬಡ ಉದ್ಯಮಕ್ಕೆ ಬೇಲಿ ಬೇಕಿತ್ತು. ಆದರೆ ಬೇಲಿ ಬೆಳೆದು ಅರ್ಧ ಶತಮಾನವಾದಾಗ ಕನ್ನಡದ ಮಗು ಆನೆಯ ಬದುಕನ್ನು ನೋಡಲು ಇಂಗ್ಲಿಷಿಗೋ ಹಿಂದಿಗೋ ತಮಿಳಿಗೋ ಹೋಗಬೇಕಾಯಿತು. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯು ಕಾನೂನುಬಾಹಿರವೆಂದು ತೀರ್ಪು ಕೊಟ್ಟಿತು. 2018ರ ಕೊನೆಯಲ್ಲಿ ಸ್ಟಾರ್ ಸ್ಪೋರ್ಟ್ಸ್‌ನ ಕನ್ನಡ ವಾಹಿನಿ ಬಂತು. 2020ರ ಲಾಕ್‌ಡೌನಿನಲ್ಲಿ ಹೊಸ ಚಿತ್ರೀಕರಣ ನಿಂತುಹೋಗಿ, ವಾಹಿನಿಗಳಿಗೆ ತೋರಿಸಲು ಏನೂ ಉಳಿಯದೆ ಗೋಡೆ ಪೂರ್ತಿ ಬಿತ್ತು: ಹಿಂದಿಯ ಮಹಾಭಾರತ ಕನ್ನಡದಲ್ಲಿ ಮಾತಾಡಿತು. ಮಾಲ್ಗುಡಿ ಡೇಸ್ ಕೂಡ. ಮೈಸೂರಿನ ನಾರಾಯಣರ ಕಥೆ, ಶಂಕರನಾಗರ ನಿರ್ದೇಶನ, ಆಗುಂಬೆಯ ಬೀದಿ, ನಮ್ಮದೇ ನಟರು. ಅದು ಕನ್ನಡಕ್ಕೆ ಬರಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಅದೇ ಜೂನಿನಲ್ಲಿ ವೈಲ್ಡ್ ಕರ್ನಾಟಕ ಎಂಬ ಚಿತ್ರ ಡಿಸ್ಕವರಿಯಲ್ಲಿ ಬಂದಾಗ ಇಂಗ್ಲಿಷಿಗೆ ಡೇವಿಡ್ ಅಟೆನ್‌ಬರೋ, ಕನ್ನಡಕ್ಕೆ ರಿಷಬ್ ಶೆಟ್ಟಿ ಧ್ವನಿ ಕೊಟ್ಟಿದ್ದರು. ಅವ್ವನೂ ಮರಿಮಕ್ಕಳೂ ಒಟ್ಟಿಗೆ ಕುಳಿತು ನೋಡಿದ್ದನ್ನು ಅಂದೇ ನಾನು ಮೊದಲ ಬಾರಿ ಕಂಡದ್ದು. ರಾಣೇಬೆನ್ನೂರಿನ ಕೃಷ್ಣಮೃಗಗಳನ್ನು ತೋರಿಸುತ್ತಾರೇನೆಂದು ಆಕೆ ಕೊನೆಯವರೆಗೂ ಕಾದಳು. 1974ರಲ್ಲಿ ಅಲ್ಲಿ ಅಭಯಾರಣ್ಯವಾದಾಗ ನಮ್ಮ ತಂದೆ ಎತ್ತಿನ ಗಾಡಿಯಲ್ಲಿ ಆಕೆಯನ್ನು ಕರೆದೊಯ್ದು ತೋರಿಸಿದ್ದರಂತೆ.

2022ರ ಮಾಘದಲ್ಲಿ ಅವ್ವ ತೀರಿಕೊಂಡಳು. ಮರುವರ್ಷ ಮಗಳು ನಮ್ಮಿಬ್ಬರನ್ನೂ ಕೆನಡಾದ ಮಾಂಟ್ರಿಯಲ್ಲಿಗೆ ಕರೆಸಿಕೊಂಡಳು. ಮೂರು ತಿಂಗಳು ಚಳಿಗೆ ಹೆದರಿ ಒಳಗೇ ಇದ್ದುದರಿಂದ ಅಲ್ಲಿಯ ದೂರದರ್ಶನವನ್ನು ಸಾಕಷ್ಟು ನೋಡಿದೆ. ಅದು ಕಾನೂನಿನಿಂದಲೇ ದ್ವಿಭಾಷಾ ದೇಶ. 1952ರಲ್ಲಿ ಮಾಂಟ್ರಿಯಲ್ಲಿನ ಮೊದಲ ಕೇಂದ್ರ ಆರಂಭವಾದಾಗ ಒಂದೇ ಪರದೆಯ ಮೇಲೆ ಫ್ರೆಂಚ್, ಇಂಗ್ಲಿಷ್ ಎರಡೂ ಸರದಿಯಲ್ಲಿ ಬರುತ್ತಿದ್ದವಂತೆ. 1954ರಲ್ಲಿ ಇಂಗ್ಲಿಷಿಗೆ ಬೇರೆ ಕೇಂದ್ರವಾಯಿತು. ಈಗ ಫ್ರೆಂಚಿನಲ್ಲಿಯೇ ಆಟಕ್ಕೊಂದು ವಾಹಿನಿ 1989ರಿಂದ, ಸುದ್ದಿಗೊಂದು 1995ರಿಂದ. ಹವಾಮಾನಕ್ಕೂ 1988ರಿಂದ ಒಂದುಂಟು: ಇಡೀ ದಿನ ಮಳೆ, ಹಿಮ, ಗಾಳಿಗಳ ಸಮಾಚಾರ, ಇಂಗ್ಲಿಷಿನಲ್ಲಿ ಒಂದು, ಫ್ರೆಂಚಿನಲ್ಲಿ ಇನ್ನೊಂದು. ಮೆಣಸಿನಕಾಯಿ ಕಣದಲ್ಲಿ ಹರಡಿದಾಗ ಅಕಾಲದ ಮೋಡ ನೋಡಿ ಎದೆ ಹಿಡಿದುಕೊಳ್ಳುವ ನಮ್ಮ ಕಡೆಯವರ ನೆನಪಾಯಿತು. ಅಲ್ಲಿ ಫ್ರೆಂಚ್ ತಾಯಿನುಡಿಯವರು ಎಂಬತ್ತು ಲಕ್ಷದ ಆಸುಪಾಸು. ನಮ್ಮಲ್ಲಿ 2011ರ ಜನಗಣತಿಯಂತೆ ಕನ್ನಡದವರು 4.37 ಕೋಟಿ, ಕೆನಡಾದ ಒಟ್ಟು ಜನಸಂಖ್ಯೆಯೇ 2021ರಲ್ಲಿ 3.70 ಕೋಟಿ. ಅವರದು ಸಿರಿವಂತ ದೇಶ, ಹೋಲಿಕೆ ಪೂರ್ತಿ ಸಲ್ಲದು. ಆದರೂ ಸಂಖ್ಯೆ ಕಡಿಮೆಯಾದ್ದರಿಂದ ಕನ್ನಡಕ್ಕೆ ಆಗುವುದಿಲ್ಲವೆಂಬ ಮಾತನ್ನು ಅಂದಿನಿಂದ ನಾನು ಯಾರ ಬಾಯಲ್ಲಿ ಕೇಳಿದರೂ ಒಪ್ಪುವುದನ್ನು ಬಿಟ್ಟಿದ್ದೇನೆ.

ಸ್ವಂತ ಭಾಷೆಯ ವಾಹಿನಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದೆಂದೂ ಅಲ್ಲ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದು ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ದಿನ, ಆಂಧ್ರದ ಕಡೆಯ ಆರು ಮಂದಿ ರೈತರು ನಮ್ಮ ಅಂಗಡಿಯ ಒಳಗೆ ಸಿಕ್ಕಿಕೊಂಡರು. ಬಾಗಿಲು ಎಳೆದುಕೊಂಡು ಕುಳಿತೆವು. ಹೊರಗೆ ಹೋಗಿ ನೋಡಲಾಗದ ಹೊಗೆಯನ್ನು ನಾನು ಕನ್ನಡ ಸುದ್ದಿವಾಹಿನಿಯಲ್ಲಿಯೂ ಅವರು ಮೊಬೈಲಿನಲ್ಲಿ ತೆಲುಗಿನಲ್ಲಿಯೂ ನೋಡಿದೆವು. ಚಿತ್ರ ಒಂದೇ. ನನ್ನದರಲ್ಲಿ ಹೊರಗಿನಿಂದ ಬಂದವರು ಊರು ಸುಟ್ಟರೆಂಬ ದನಿ. ಅವರದರಲ್ಲಿ ಇಲ್ಲಿಯ ವ್ಯಾಪಾರಿಗಳು ಕೂಡಿ ಬೆಲೆ ಬೀಳಿಸಿದರೆಂಬ ದನಿ. ಅವರಲ್ಲಿ ಹಿರಿಯನಾದವನು, ಇಪ್ಪತ್ತು ವರ್ಷದಿಂದ ನಮ್ಮಲ್ಲಿಗೆ ಚೀಲ ತರುವವನು, ತನ್ನ ಮೊಬೈಲನ್ನು ಕವುಚಿ ಇಟ್ಟ. ನಾನೂ ಪೆಟ್ಟಿಗೆಯನ್ನು ಆರಿಸಿದೆ. ಸಂಜೆ ನಮ್ಮ ಮನೆಯಿಂದ ಹೊತ್ತು ಮುಳುಗುವ ಮೊದಲೇ ರೊಟ್ಟಿ ಬಂತು; ಇಷ್ಟು ಬೇಗ ಊಟವೇ ಎಂದು ಅವನು ತನ್ನ ಹರಕು ಕನ್ನಡದಲ್ಲಿ ಕೇಳಿದ.

ಈಗ ಟ್ರಸ್ಟಿನ ಮಾತು, ಈ ಲೇಖನ ಬರೆಯಲು ಕಾರಣವಾದದ್ದು. ಕಳೆದ ವರ್ಷ ಹಾವೇರಿಯ ನಮ್ಮ ಸಭಾಭವನಕ್ಕೆ ದಾನಿಗಳೊಬ್ಬರು ದೊಡ್ಡ ಪರದೆಯ ಟಿ.ವಿ. ಕೊಡಲು ಮುಂದೆ ಬಂದರು. ಮುಂಜಾನೆಯಿಂದ ಸಂಜೆಯವರೆಗೆ ಜೈನ ವಾಹಿನಿಯ ಪ್ರವಚನ ಹಾಕಿಡಬೇಕೆಂದು ಅವರ ಅಪೇಕ್ಷೆ. ಗುಜರಾತಿ, ಮಾರವಾಡಿ ಮನೆಗಳ ಬಂಧುಗಳಿಗೆ ಇದು ಸಂತೋಷವೇ. ಅವರ ಮುದುಕಿಯರಿಗೆ ಕನ್ನಡ ಪ್ರವಚನ ಅರ್ಥವಾಗದೆ ಎಷ್ಟು ವರ್ಷ ಸುಮ್ಮನೆ ಕೈಮುಗಿದು ಕುಳಿತಿದ್ದರೆಂಬುದನ್ನೂ ನಾವು ಮರೆಯಬಾರದು. ಸಭೆಯಲ್ಲಿ ನಾನು ಅವ್ವನ ಜಪಮಾಲೆಯ ಸಂಗತಿಯನ್ನು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಾರ್ಯದರ್ಶಿಗಳು, ಕನ್ನಡದಲ್ಲಿ ಇಡೀ ದಿನದ ಜೈನ ವಾಹಿನಿ ಎಲ್ಲಿದೆ ಕೊಡಿ, ಹಾಕುತ್ತೇವೆ ಎಂದರು. ನ್ಯಾಯವಾದ ಮಾತು. ಟಿ.ವಿ. ಬರಲಿ, ರವಿವಾರ ಮಧ್ಯಾಹ್ನ ಅರ್ಧ ತಾಸು ಅದರ ದನಿ ನಿಲ್ಲಿಸಿ ಯಾರಾದರೂ ಕನ್ನಡದಲ್ಲಿ ಅರ್ಥ ಹೇಳಲಿ ಎಂದು ಸೂಚಿಸಿದೆ. ಯಾರಾದರೂ ಎಂದರೆ ಯಾರು ಎಂದು ಕೇಳಿದರು. ಎಲ್ಲರೂ ನನ್ನ ಕಡೆಗೆ ನೋಡಿದರು.

ನಾನು ವಾಗ್ಮಿಯಲ್ಲ. ಮೊದಲ ರವಿವಾರ ಹನ್ನೊಂದು ಜನ ಬಂದಿದ್ದರು, ಒಂಬತ್ತು ಮಂದಿ ಎಪ್ಪತ್ತು ದಾಟಿದ ತಾಯಂದಿರು. ರತ್ನಕರಂಡಕದ ಒಂದು ಶ್ಲೋಕಕ್ಕೆ ಅರ್ಥ ಹೇಳಿ ಎದ್ದೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಬ್ಬ ಅಜ್ಜಿ ಗೋಡೆ ಹಿಡಿದುಕೊಂಡು ಬಂದು, "ತಮ್ಮಾ, ನಿನ್ನಿ ಟಿವ್ಯಾಗ ಮಾರಾಜರು ಏನೋ ಹೇಳಿ ತಾವೂ ನಕ್ಕರು, ಮಂದೀನೂ ನಕ್ಕರು. ಏನದು?" ಎಂದು ಕೇಳಿದಳು. ನಾನು ಆ ಪ್ರವಚನ ನೋಡಿರಲಿಲ್ಲ. ಮುಂದಿನ ವಾರ ನೋಡಿಕೊಂಡು ಬಂದು ಹೇಳುತ್ತೇನೆಂದು ಮಾತು ಕೊಟ್ಟು ಬ್ಯಾಡಗಿಯ ಬಸ್ಸು ಹತ್ತಿದೆ.